ಗಣಪತಿಗೆ ಜಾಗವಿಲ್ಲದ ಮಾನಿಟರ್

ನಾಸಿಕ್‌ನ ಅಂಬಡ್‌ನಲ್ಲಿರುವ ಕಿಟ್ಟಣ್ಣನವರ ಹೋಟೆಲಿನಲ್ಲಿ ಬಿಲ್ಲು, ಲೆಕ್ಕಗಳೆಲ್ಲ ನನ್ನ ಕೆಲಸ. ಹಳೆಯ ಡಬ್ಬಾ ಮಾನಿಟರ್ ಮಿಣುಕಿ ಮಿಣುಕಿ, ಮಧ್ಯಾಹ್ನದ ಹೊತ್ತಿಗೆ ನನ್ನ ಕಣ್ಣಲ್ಲಿ ನೀರಿಳಿಯುತ್ತಿತ್ತು. ನಾನು ಹೇಳಿ ಹೇಳಿ ಸಾಕಾದ ಮೇಲೆ ಕಿಟ್ಟಣ್ಣ ನನ್ನನ್ನು ಪೇಟೆಯ ಕಂಪ್ಯೂಟರ್ ಅಂಗಡಿಗೆ ಕರೆದೊಯ್ದರು.

ಅಂಗಡಿಯವನು ದೊಡ್ಡ ಪರದೆಯಲ್ಲಿ ಸಿನಿಮಾ ಹಾಕಿದ. ಅದರಲ್ಲಿ ನಾಯಕಿಗಿಂತ ಚೆನ್ನಾಗಿ ಅಂಗಡಿಯ ಟ್ಯೂಬ್‌ಲೈಟಿನ ಪ್ರತಿಬಿಂಬ ಹೊಳೆಯುತ್ತಿತ್ತು.

“ಸಿನಿಮಾ ಬೇಡ, ಸಣ್ಣ ಅಕ್ಷರದ ಬಿಲ್ ತೋರಿಸಿ,” ಎಂದು ಮರಾಠಿಯಲ್ಲಿ ಗದರಿದೆ. ನಮ್ಮ ಬಜೆಟ್ಟಿಗೆ ಹೊಂದುವ, ಹೊಳಪಿಲ್ಲದ ಹದಿನೇಳು ಇಂಚಿನ ಎಲ್‌ಸಿಡಿಯಲ್ಲಿ ಅಕ್ಷರಗಳು ಅಲುಗದೆ ನಿಂತವು. ಅದೇ ಸಾಕು ಎಂದೆ.

ಕಿಟ್ಟಣ್ಣ ಅದರ ಹಿಂದಕ್ಕೆ ಬಗ್ಗಿ ನೋಡಿದರು. “ಇದು ಹಪ್ಪಳದ ಹಾಗೆ ಉಂಟಲ್ಲ ಮಾರಾಯ್ರೆ! ಗಣಪತಿಯನ್ನು ಎಲ್ಲಿ ಕೂರಿಸುವುದು?”

ಹಳೆಯ ಮಾನಿಟರಿನ ನೆತ್ತಿಯ ಮೇಲೆ ಅವರ ಹಿತ್ತಾಳೆ ಗಣಪತಿ ನನಗೆ ಬೆನ್ನು ಹಾಕಿ, ಎದುರಿಗೆ ಅವರು ಕೂರುವ ಗಲ್ಲಾದ ಕಡೆ ಮುಖ ಮಾಡಿ ಕೂತಿದ್ದ. ಅವನಿಗೆ ಹೂವಿಟ್ಟೇ ಅವರು ದಿನಾ ಗಲ್ಲಾ ತೆರೆಯುವುದು. ನನಗೆ ರೇಗಿತು. “ಹಾಗಾದ್ರೆ ಹಳೇದೇ ಇರಲಿ ಬಿಡಿ,” ಎಂದು ಹೊರಗೆ ಬಂದುಬಿಟ್ಟೆ.

ಸ್ವಲ್ಪ ಹೊತ್ತಿಗೆ ಅವರು ಎಲ್‌ಸಿಡಿ ಪೆಟ್ಟಿಗೆಯನ್ನು ಕಂಕುಳಲ್ಲಿ ಅವುಚಿಕೊಂಡು ಬಂದರು. ಹೋಟೆಲಿಗೆ ಮರಳಿ, ಗಣಪತಿಯನ್ನು ಎತ್ತಿ ಗಲ್ಲಾದ ಪಕ್ಕ ಇಟ್ಟರು.

“ನಾನು ಇಷ್ಟು ವರ್ಷ ಈಚೆಯಿಂದ ಇವನ ಮುಖ ಮಾತ್ರ ನೋಡಿದ್ದು, ಗುಣಕ್ಕ. ಆಚೆ ಕೂತ ನಿಮ್ಮ ಕಣ್ಣು ನೋಡ್ಲೇ ಇಲ್ಲ.”

ಮರುದಿನ ಗಣಪತಿಗೆ ಮೊದಲ ಹೂ ನಾನೇ ಇಟ್ಟೆ. ಕಣ್ಣಲ್ಲಿ ನೀರು ಬಂತು. ಮಾನಿಟರ್ ಇನ್ನೂ ಆನ್ ಮಾಡಿರಲಿಲ್ಲ.