ಗೋಡೆ ಪಕ್ಕದ ಜಾಗ

ರಾಟರ್‌ಡ್ಯಾಮಿನಲ್ಲಿ ಲತೇಶನಿಗೆ ಕೆಲಸ ಖಾತ್ರಿಯಾದ ದಿನದಿಂದ ಕೊಲ್ಲಿ ನಾಡಿನ ಅಲ್ ಮಬೇಲಾದ ಆ ಫ್ಲಾಟಿಗೆ ಶುಭ ಹೇಳುವವರು ಬರುತ್ತಲೇ ಇದ್ದರು. ಕೆಳಗಿನ ಮನೆಯ ಕ್ಲೆಮೆಂಟಿನಾ ಬಾಯಿಯಂತೂ ಪ್ರಣೀತಾಳ ಎರಡೂ ಕೈ ಹಿಡಿದು, "ಇನ್ನು ಈ ಸೆಕೆ ಇಲ್ಲ, ವೀಸಾ ಕೊಟ್ಟ ಕಫೀಲನ ಕಿರಿಕಿರಿ ಇಲ್ಲ. ನಿನ್ನ ಪುಣ್ಯ ಮಾರಾಯ್ತಿ!" ಎಂದಳು. ಪ್ರಣೀತಾ ನಕ್ಕು ಚಹಾ ಕೊಟ್ಟಳು. ಸೋಫಾ, ಫ್ರಿಜ್ಜು, ವಾಷಿಂಗ್ ಮೆಷಿನ್ನು ಒಂದೊಂದಾಗಿ ಮೆಟ್ಟಿಲಿಳಿದು ಹೋದವು. ಯಾವುದಕ್ಕೂ ಅವಳಿಗೆ ಸಂಕಟವಾಗಲಿಲ್ಲ. ಇದ್ದ ಸಂಕಟ ಒಂದೇ. ಮಗು ಇಲ್ಲೇ ಉಳಿಯುತ್ತದೆ.

ಹುಟ್ಟಿದ ಮರುದಿನವೇ ತೀರಿಕೊಂಡ ಗಂಡುಮಗು. ಪ್ರಣೀತಾ ಹೊಲಿಗೆಯ ನೋವಿನಲ್ಲಿ ಆಸ್ಪತ್ರೆಯ ಹಾಸಿಗೆ ಹಿಡಿದಿದ್ದಾಗ ಲತೇಶನೇ ಅದನ್ನು ಬಿಳಿ ಟವೆಲಿನಲ್ಲಿ ಸುತ್ತಿಕೊಂಡು ಹೋಗಿ, ಊರ ಹೊರಗಿನ ಸ್ಮಶಾನದಲ್ಲಿ ಮಣ್ಣು ಮಾಡಿ ಬಂದಿದ್ದ. ಹೆತ್ತವಳು ಅಲ್ಲಿ ಕಾಲಿಡಬಾರದೆಂದು ಅತ್ತೆ ಕಾರ್ಕಳದಿಂದ ಫೋನು ಮಾಡಿ ಹೇಳಿದ್ದರು. "ಗೋಡೆಯ ಪಕ್ಕ, ಒಂದು ದೊಡ್ಡ ಮರದ ನೆರಳಲ್ಲಿ," ಎಂದಿದ್ದ ಲತೇಶ. ಆ ಮಾತನ್ನೇ ಹಿಡಿದುಕೊಂಡು ಅವಳು ಇಷ್ಟು ವರ್ಷ ದೂಡಿದ್ದಳು. ತಿಂಗಳಿಗೊಂದು ಶುಕ್ರವಾರ ಮಗುವಿನ ಮಣ್ಣಿಗೆ ಎರೆಯಲೆಂದು ಪುಟ್ಟ ಬಾಟಲಿಯಲ್ಲಿ ಹಾಲು ತುಂಬಿಸಿ ಅವನ ಕೈಲಿ ಕಳಿಸುವಳು. ಅವನು ಖಾಲಿ ಬಾಟಲಿ ತರುವನು.

ಹೊರಡುವ ಮೊದಲು ಒಮ್ಮೆ ತಾನೇ ನೋಡಬೇಕೆಂದಳು. ಲತೇಶ ಇವತ್ತು ನಾಳೆ ಎನ್ನುತ್ತಾ ಹೋದ. ಆಫೀಸಿನ ಕೆಲಸ ವಹಿಸಿಕೊಡಬೇಕು, ಕಾರು ಮಾರಬೇಕು. ಕಾರೂ ಮಾರಿಹೋಯಿತು. ಒಂದು ಬೆಳಿಗ್ಗೆ ಅವನು ಬೌಷರಿನ ಆಫೀಸಿಗೆ ಹೊರಟ ಮೇಲೆ ಪ್ರಣೀತಾ ಕೆಳಗಿನ ದಿನಸಿ ಅಂಗಡಿಗೆ ಇಳಿದಳು. ಅಂಗಡಿಯ ಕುಂಞಮ್ಮದ್ ಉಳ್ಳಾಲದವರು. ಅಂದು ಲತೇಶನನ್ನೂ ಮಗುವನ್ನೂ ತಮ್ಮ ಕಾರಿನಲ್ಲಿ ಕರೆದೊಯ್ದವರು ಅವರೇ.

"ಕಾಕಾ, ನನ್ನನ್ನೊಮ್ಮೆ ಅಲ್ಲಿಗೆ ಕರ್ಕೊಂಡು ಹೋಗ್ತೀರಾ?"

"ಅಲ್ಲಿ ಹೋಗಿ ಎಂತ ಮಾಡುದು ತಂಗೀ? ಆ ವರ್ಷದ ಮಳೆಗೆ ವಾದಿಯ ಹಳ್ಳ ತುಂಬಿ ಬಂದು ಗೋಡೆ ಸಮೇತ ಎಲ್ಲ ಹೋಯ್ತಲ್ಲ..." ಅವಳ ಮುಖ ನೋಡಿ ಅವರಿಗೆ ಗಾಬರಿಯಾಯಿತು. "ಲತೇಶ ಹೇಳಲಿಲ್ವಾ?"

"ಹೇಳಿದ್ದಾರೆ," ಎಂದು ಪ್ರಣೀತಾ ಸುಳ್ಳು ಹೇಳಿದಳು. "ಆದ್ರೂ ಹೋಗುವಾ."

ಅವಳು ಹಾಲಿನ ಬಾಟಲಿ ಹಿಡಿದು ಅವರ ಕಾರು ಹತ್ತಿದಳು. ವರ್ಷವಿಡೀ ಒಣಗಿ ಬಿದ್ದಿರುವ ಆ ಹಳ್ಳ ಒಂದೇ ಮಳೆಗೆ ಉಕ್ಕಿ ಸ್ಮಶಾನದ ಅಂಚನ್ನು ಕೊಚ್ಚಿಕೊಂಡು ಹೋಗಿತ್ತು. ಹೊಸ ಗೋಡೆ ಹಿಂದೆ ಸರಿದು ನಿಂತಿತ್ತು. ಅದರಾಚೆ ಬರೀ ಉರುಟುಗಲ್ಲು, ಮರಳು, ಅರ್ಧ ಹೂತ ಒಂದು ಟೈರು. ಮರದ ಬುಡವೂ ಇರಲಿಲ್ಲ.

"ಸರಿಯಾಗಿ ಎಲ್ಲಿ, ಕಾಕಾ?"

ಕುಂಞಮ್ಮದ್ ತೋರಿಸಲೆಂದು ಕೈ ಎತ್ತಿದರು. ಕೈ ಅಲ್ಲಿಂದಿಲ್ಲಿಗೆ ಅಲೆದು ಕೆಳಗಿಳಿಯಿತು. "ನನಗೂ ಗೊತ್ತಾಗುದಿಲ್ಲ ತಂಗೀ."

ತಂದಿದ್ದ ಹಾಲನ್ನು ಎಲ್ಲಿ ಸುರಿಯುವುದೆಂದು ತಿಳಿಯದೆ ಅವಳು ಹಾಗೇ ವಾಪಸು ತಂದಳು.

ಸಂಜೆ ಲತೇಶ ಬಂದಾಗ ಅವಳು ಬರಿದಾದ ಕೋಣೆಯ ನೆಲದಲ್ಲಿ ಕೂತಿದ್ದಳು, ಮುಂದೆ ತುಂಬಿದ ಬಾಟಲಿ. ನೋಡಿದ್ದೇ ಅವನಿಗೆ ಎಲ್ಲ ಅರ್ಥವಾಯಿತು. ಶೂ ಕೂಡ ಬಿಚ್ಚದೆ ಬಾಗಿಲಲ್ಲೇ ನಿಂತ.

"ತಿಂಗಳು ತಿಂಗಳು ಹೋಗಿ ಎಂತ ಮಾಡ್ತಿದ್ರಿ?"

"ರಸ್ತೆ ಬದಿ ಕಾರು ನಿಲ್ಲಿಸಿ ಕೂತಿರ್ತಿದ್ದೆ."

"ಹಾಲು?"

"ಕುಡೀತಿದ್ದೆ. ಚೆಲ್ಲಲಿಕ್ಕೆ ಮನಸ್ಸು ಬರ್ತಿರ್ಲಿಲ್ಲ. ಹೇಳಿದ್ರೆ ನೀನು ಜೀವದಲ್ಲಿ ಉಳಿಯುದಿಲ್ಲ ಅಂತ ಹೆದರಿಕೆ ಆಯ್ತು ಪ್ರಣೀ. ನಿನಗೆ ಗೊತ್ತಾಗುವ ಮೊದಲು ದೂರ ಎಲ್ಲಿಗಾದ್ರೂ ಹೋಗುವಾ ಅಂತಲೇ ಆ ಕೆಲಸ ಹುಡುಕಿದ್ದು."

ಅವನನ್ನು ಹೊಡೆಯಬೇಕೆನಿಸಿತು. ಅಪ್ಪಿಕೊಂಡು ಅಳಬೇಕೆಂದೂ ಅನಿಸಿತು. ಎರಡನ್ನೂ ಮಾಡಲಿಲ್ಲ. ಅವಳು ಎದ್ದು ಉಳಿದ ಬಟ್ಟೆಗಳನ್ನು ಸೂಟ್‌ಕೇಸಿಗೆ ತುಂಬತೊಡಗಿದಳು. ಬರುವುದಿಲ್ಲ ಎಂದು ಹಟ ಹಿಡಿಯೋಣವೆಂದರೆ, ಯಾರಿಗಾಗಿ ಇಲ್ಲಿ ಉಳಿಯುವುದು?

ರಾಟರ್‌ಡ್ಯಾಮಿನಲ್ಲಿ ವಿಳಾಸ ದಾಖಲಿಸಲು ನಗರಸಭೆಗೆ ಹೋದಾಗ, ಕೌಂಟರಿನ ಹೆಂಗಸು ಮುಗುಳ್ನಗುತ್ತಾ ಮಕ್ಕಳಿದ್ದಾರೆಯೇ ಎಂದು ಕೇಳಿದಳು. ಲತೇಶ ಹೆಂಡತಿಯತ್ತ ನೋಡಿದ.

"ಇಲ್ಲ," ಎಂದಳು ಪ್ರಣೀತಾ.

ಹೊರಗೆ ಚಳಿಗಾಳಿ ಬೀಸುತ್ತಿತ್ತು. ಲತೇಶ ತನ್ನ ಜಾಕೆಟ್ಟು ಬಿಚ್ಚಿ ಅವಳ ಹೆಗಲಿಗೆ ಹೊದಿಸಲು ಬಂದ. ಅವಳು ನಿಲ್ಲಲಿಲ್ಲ. ಆ ಬೀದಿ ಎಲ್ಲಿಗೆ ಹೋಗುತ್ತದೆಂದು ಗೊತ್ತಿಲ್ಲದಿದ್ದರೂ ಅವನಿಗಿಂತ ಮುಂದೆ ಒಬ್ಬಳೇ ನಡೆದಳು.