ಹೆಸರಿಲ್ಲದ ಕೂಗು

ಬೆಲ್‌ಗ್ರೇಡ್‌ನಿಂದ ರೆಲ್ಯಾ ಎಂಬ ಯುವಕ ಧ್ವನಿ ಹಿಡಿಯುವ ಯಂತ್ರ ಹೊತ್ತು ಹಿಮ ಕರಗುತ್ತಿದ್ದ ದಿನಗಳಲ್ಲಿ ಬೆಟ್ಟದ ಹಳ್ಳಿಯ ಮುದುಕಿ ರೋಸಂದಾಳ ಮನೆಗೆ ಬಂದ. ಕಂಪ್ಯೂಟರ್ ಆಟವೊಂದಕ್ಕೆ ಅವನಿಗೆ ದ್ರೆಕಾವತ್ಸ್‌ನ ಕೂಗು ಬೇಕಾಗಿತ್ತು. ದೀಕ್ಷಾಸ್ನಾನವಾಗದೆ, ಹೆಸರಿಲ್ಲದೆ ಸತ್ತ ಕೂಸು ದ್ರೆಕಾವತ್ಸ್ ಎಂಬ ಪ್ರೇತವಾಗಿ ಕಾಡಂಚಿನಲ್ಲಿ ಅರಚುತ್ತದೆಂದು ಅಲ್ಲಿನವರ ನಂಬಿಕೆ. ಅದನ್ನು ಹಾಗೆಯೇ ಕೂಗಿ ತೋರಿಸಬಲ್ಲವಳು ಆ ಕಡೆಯ ಹಳ್ಳಿಗಳಲ್ಲಿ ರೋಸಂದಾ ಒಬ್ಬಳೇ ಉಳಿದಿದ್ದಳು.

ಪಕ್ಕದ ಮನೆಯ ಮಿಲುಂಕಾ ಬೇಲಿಯ ಮೇಲಿಂದ ಬಗ್ಗಿ, "ನಿನ್ನ ಗಂಟಲು ಬೆಲ್‌ಗ್ರೇಡ್‌ಗೂ ಕೇಳಿಸ್ತಂತೆ ಕಣೇ. ಪಕ್ಕದಲ್ಲೇ ಮಲಗ್ತಿದ್ದ ಗಂಡನಿಗೆ ಮಾತ್ರ ಒಂದಿನಾನೂ ಕೇಳಿಸ್ಲಿಲ್ಲ," ಎಂದಳು.

ರೋಸಂದಾ ನಕ್ಕು, ಬಂದವನಿಗೆ ಒಂದು ಚಮಚ ಪ್ಲಮ್ ಮುರಬ್ಬ, ಒಂದು ಲೋಟ ನೀರು ಕೊಟ್ಟಳು. ಕೂಗಲು ಒಪ್ಪಲಿಲ್ಲ.

ಆ ಕೂಗು ಅವಳು ಯಾರಿಂದಲೂ ಕಲಿತದ್ದಲ್ಲ. ಐವತ್ತೆರಡು ವರ್ಷಗಳ ಹಿಂದೆ, ಹಿಮ ಸೊಂಟದವರೆಗೆ ಬಿದ್ದ ವಾರ, ಅವಳಿಗೆ ಗಂಡುಮಗು ಹುಟ್ಟಿ ಒಂದೇ ದಿನ ಬದುಕಿತ್ತು. ಪಾದ್ರಿಗೆ ಬೆಟ್ಟ ಹತ್ತಿ ಬರಲಾಗಲಿಲ್ಲ. ಕೂಸನ್ನು ಪ್ಲಮ್ ತೋಟದ ಅಂಚಿನಲ್ಲಿ ಹೂತರು. ಆಮೇಲೆ ಹಿಮ ಕರಗಿದಾಗಲೆಲ್ಲ, ವರ್ಷವರ್ಷವೂ, ತೋಟದಾಚೆಯಿಂದ ಅರಚುವುದು ಅವಳಿಗೆ ಕೇಳುತ್ತಿತ್ತು. ನರಿ ಎಂದಿದ್ದ ಗಂಡ. ಕೇಳಿಸಿಕೊಂಡವರು ಒಂದು ಹೆಸರಿಟ್ಟು ಕರೆದರೆ ಸಾಕು, ಕೂಸು ಸುಮ್ಮನಾಗಿ ಹೊರಟುಹೋಗುತ್ತದೆಂದು ಊರಿಗೆಲ್ಲ ಗೊತ್ತಿತ್ತು. ರೋಸಂದಾಳಿಗೂ ಗೊತ್ತಿತ್ತು. ಅವಳು ಕರೆಯಲಿಲ್ಲ. ಹೊರಟುಹೋದರೆ ತನ್ನ ಪಾಲಿಗೆ ಏನೂ ಉಳಿಯುವುದಿಲ್ಲವೆಂದು, ಕೂಗಿಗೆ ಮರುಕೂಗು ಕೊಡುತ್ತ ಬಂದಳು. ಹಾಗೆ ಗಂಟಲಿಗೆ ಅಂಟಿಕೊಂಡದ್ದು ಅದು.

ಆಟದಲ್ಲಿ ಆ ಕೂಸನ್ನೇನು ಮಾಡುತ್ತೀರಿ ಎಂದು ರೆಲ್ಯಾನನ್ನು ಕೇಳಿದಳು.

"ಕತ್ತೀಲಿ ಕೊಲ್ತಾರೆ ಅಜ್ಜಿ," ಎಂದ ರೆಲ್ಯಾ, ಚಮಚ ನೆಕ್ಕುತ್ತ. "ಮತ್ತೆ ಎದ್ದು ಬರುತ್ತೆ. ಮತ್ತೆ ಕೊಲ್ಬೇಕು."

"ಎಷ್ಟು ಜನ?"

"ಆಡೋರೆಲ್ಲ. ಲಕ್ಷಗಟ್ಟಲೆ."

"ಹೆಸರಿಟ್ಟು ಕರೆಯೋಕೆ ಆಗಲ್ವಾ?"

ಆಟದಲ್ಲಿ ಅದಕ್ಕೆ ಒತ್ತುವ ಗುಂಡಿಯಿಲ್ಲ ಎಂದು ಅವನು ನಕ್ಕ. ಹೋದ ವರ್ಷ ಮಿಲುಂಕಾಳ ಅಳಿಯ ಫೋನಿನಲ್ಲಿ ಹಿಡಿದ ಅವಳ ಕೂಗು ತಮ್ಮಲ್ಲಿದೆ, ಸ್ಪಷ್ಟವಾಗಿಲ್ಲ, ಅವಳು ಒಲ್ಲೆನೆಂದರೆ ಅದನ್ನೇ ಹಾಕುತ್ತೇವೆ ಎಂದ.

ರೋಸಂದಾ ಎದ್ದು ತೋಟದ ಅಂಚಿಗೆ ಹೋದಳು. ರೆಲ್ಯಾ ಯಂತ್ರ ಹೊತ್ತು ಹಿಂದೆಯೇ ಬಂದ. ಆಡುತ್ತಿರುವ ಮಗುವನ್ನು ಊಟಕ್ಕೆ ಕರೆಯುವಷ್ಟೇ ದನಿಯಲ್ಲಿ ಅವಳು, "ನಿನ್ನ ಹೆಸರು ಝಿವ್ಕೊ. ಹೋಗು ಮಗಾ, ಇನ್ನು ಹೋಗು," ಎಂದಳು. ಝಿವ್ಕೊ ಎಂದರೆ ಬದುಕುವವನು. ಹೆರಿಗೆಗೆ ಮೊದಲೇ ಗಂಡ ಆರಿಸಿಟ್ಟಿದ್ದ ಹೆಸರು.

ಯಂತ್ರ ಹಿಡಿದದ್ದರಲ್ಲಿ ಆ ಮಾತಷ್ಟನ್ನು ಕತ್ತರಿಸಿಬಿಡುತ್ತೇನೆ ಎಂದ ರೆಲ್ಯಾ.

"ಕತ್ತರಿಸ್ಕೋ. ಈಗ ಹಿಡ್ಕೋ. ಇದು ಬರೀ ಗಂಟಲು."

ಕೂಗಿದಳು. ಮೇಯುತ್ತಿದ್ದ ಕುರಿಗಳು ತಲೆಯೆತ್ತಿದವು. ರೆಲ್ಯಾ ಇನ್ನೊಮ್ಮೆ ಎಂದ, ಮತ್ತೂ ಒಮ್ಮೆ ಎಂದ. ಅವಳು ಬೇಸರಪಡದೆ ಮೂರು ಸಲ ಕೂಗಿಕೊಟ್ಟಳು. ಪ್ರತಿ ಸಲವೂ ತೋಟದಾಚೆಗೆ ಕಿವಿಗೊಟ್ಟು ನಿಂತಳು. ಮರುಕೂಗು ಬರಲಿಲ್ಲ.