ಉಗುರೆತ್ತರದ ಜನ

ನನ್ನ ಮಗಳು ಹಲ್ಲಿನ ಸೆಟ್ ಮಾಡುವ ಲ್ಯಾಬಿನಲ್ಲಿ ಬಣ್ಣ ಹೊಂದಿಸುವ ಕೆಲಸಕ್ಕಿದ್ದಳು. ದಿನವಿಡೀ ಕಂಡವರ ಹಲ್ಲಿಗೆ ಬಣ್ಣ ಹಚ್ಚಿ ಬಂದವಳು ಸಂಜೆ ಮತ್ತೆ ಕುಂಚ ಹಿಡಿದೇ ಕೂರುತ್ತಿದ್ದಳು. ಉಗುರೆತ್ತರದ ಜನ, ಕಡಲೆಬೀಜದಷ್ಟು ಕುರಿಗಳು, ಸ್ಪಂಜು ಹರಿದು ಮಾಡಿದ ಮರಗಳು. ಮೂರು ವರ್ಷದಲ್ಲಿ ಒಂದು ಹಲಗೆಯ ಮೇಲೆ ಬೆಟ್ಟದ ಬುಡದ ರೈಲು ನಿಲ್ದಾಣವೊಂದು ಎದ್ದು ನಿಂತಿತು. ನಾನು ಅದನ್ನು ಒಂದು ದಿನವೂ ನೆಟ್ಟಗೆ ನೋಡಲಿಲ್ಲ. ಕಣ್ಣು ಹಾಳಾಗುತ್ತದೆ, ಬೆನ್ನು ಗೂನಾಗುತ್ತದೆ, ಇಷ್ಟೇ ಶ್ರದ್ಧೆ ಮನೆಗೆಲಸದಲ್ಲಿ ಇದ್ದಿದ್ದರೆ ಎಂದು ರಾಗ ಎಳೆದದ್ದೇ ಎಳೆದದ್ದು. ಬಾಯಿ ಸುಮ್ಮನಿದ್ದರೆ ನನಗೆ ತಿಂದದ್ದು ಅರಗುವುದಿಲ್ಲ.

ಅವಳು ಎದುರು ಮಾತಾಡುತ್ತಿರಲಿಲ್ಲ. ಒಂದು ಭಾನುವಾರ ಮಾತ್ರ ಹಲಗೆಯಿಂದ ತಲೆ ಎತ್ತದೆ ಹೇಳಿದಳು:

"ಇದ್ರಲ್ಲಿ ನೀನೂ ಇದ್ದೀಯ ಕಣಮ್ಮ. ಎಲ್ಲಿ ಅಂತ ಹುಡುಕು ನೋಡೋಣ."

ನನಗೆ ಪ್ಯಾಂಟುಗಳ ಅಂಚು ಮಡಿಸುವ ಕೆಲಸವಿತ್ತು. ಹೊಲಿಗೆ ಮಿಷನ್ ನಿಲ್ಲಿಸದೆಯೇ ಆಮೇಲೆ ನೋಡುತ್ತೇನೆ ಎಂದೆ. ಆ ಆಮೇಲೆ ಬರುವ ಮೊದಲು ಅವಳಿಗೆ ಜ್ವರ ಬಂತು. ಐದನೆಯ ದಿನ ಆಸ್ಪತ್ರೆಯವರು ಅವಳ ಚಪ್ಪಲಿಯನ್ನು ಕವರಿಗೆ ಹಾಕಿ ನನ್ನ ಕೈಗೆ ಕೊಟ್ಟರು.

ಎರಡು ತಿಂಗಳು ಆ ಹಲಗೆಯ ಹತ್ತಿರ ಸುಳಿಯಲಿಲ್ಲ. ಆಮೇಲೆ, ಬಟ್ಟೆಯ ಎಳೆ ನೋಡಲು ಇಟ್ಟುಕೊಂಡಿದ್ದ ಭೂತಗನ್ನಡಿ ಹಿಡಿದು ಹುಡುಕಲು ಕೂತೆ. ಒಟ್ಟು ನಲವತ್ತೊಂದು ಜನ. ಗಂಡಸರನ್ನೂ ಮಕ್ಕಳನ್ನೂ ಬಿಟ್ಟರೆ ಹದಿನೇಳು ಹೆಂಗಸರು. ಒಬ್ಬೊಬ್ಬರಿಗೂ ಹುಬ್ಬು, ರೆಪ್ಪೆ, ತುಟಿ ಎಲ್ಲ ಇತ್ತು. ಕೂದಲೆಳೆಯಷ್ಟು ಸಣ್ಣ ಕುಂಚದಲ್ಲಿ ಬರೆದದ್ದು. ನನ್ನ ಮುಖದ ಪರಿಚಯ ನನಗೆ ಚೆನ್ನಾಗಿಯೇ ಇದೆ: ಹುಬ್ಬು ಗಂಟು, ತುಟಿ ಬಿಗಿ. ಅಂಥವಳಿಗಾಗಿ ಹುಡುಕಿದೆ, ಉಳಿದವರನ್ನು ಸರಸರನೆ ದಾಟಿ ಹೋದೆ. ಇಬ್ಬರ ಮೇಲೆ ಅನುಮಾನ ಬಂತು. ಒಬ್ಬಳು ಟಿಕೆಟ್ ಕಿಟಕಿಯಲ್ಲಿ ಜಗಳವಾಡುತ್ತಿದ್ದಳು, ಇನ್ನೊಬ್ಬಳು ಛತ್ರಿ ಎತ್ತಿ ನಾಯಿ ಓಡಿಸುತ್ತಿದ್ದಳು. ಇಬ್ಬರೂ ನಾನೇ ಅನ್ನಿಸುವಂತಿದ್ದರು.

ಸರಿಯಾಗಿ ನೋಡೋಣವೆಂದರೆ ಧೂಳು. ಒದ್ದೆ ಬಟ್ಟೆಯಲ್ಲಿ ಒಂದು ಕುರಿಯನ್ನು ಮೆಲ್ಲಗೆ ಒರೆಸಿದೆ. ಕುರಿಯ ಕಿವಿಯ ಬಣ್ಣ ಬಟ್ಟೆಗೆ ಬಂತು. ತಕ್ಷಣ ಬಟ್ಟೆ ಎತ್ತಿಟ್ಟೆ.

ಅವಳು ಕುಂಚ, ಬಣ್ಣ ಕೊಳ್ಳುತ್ತಿದ್ದ ಅಂಗಡಿಯವನನ್ನು ಕೇಳಿದೆ. ಮೇಲೆ ವಾರ್ನಿಷ್ ಹೊಡೆದುಬಿಟ್ಟರೆ ಬಣ್ಣ ಏಳುವುದಿಲ್ಲ ಎಂದು ಒಂದು ಸ್ಪ್ರೇ ಡಬ್ಬಿ ಕೊಟ್ಟ. ಚೆನ್ನಾಗಿ ಅಲ್ಲಾಡಿಸಬೇಕು, ಒಂದು ಮೊಳ ದೂರದಿಂದ ಹೊಡೆಯಬೇಕು, ಮಳೆ ಮೋಡದ ದಿನ ಮುಟ್ಟಲೇಬಾರದು, ತೇವ ಸೇರಿದರೆ ಬೆಳ್ಳಗಾಗಿಬಿಡುತ್ತದೆ ಎಂದು ಎರಡೆರಡು ಸಲ ಹೇಳಿದ. ಯಾರ ಮಾತನ್ನೂ ಕಿವಿಗೆ ಹಾಕಿಕೊಳ್ಳದ ನಾನು ಅವನ ಒಂದೊಂದು ಮಾತನ್ನೂ ಪಾಲಿಸಿದೆ. ಮೋಡ ಸರಿಯಲೆಂದು ಒಂಬತ್ತು ದಿನ ಕಾದೆ.

ಹತ್ತನೆಯ ದಿನ ಸುಡುಬಿಸಿಲು. ಬೀದಿಯ ಧೂಳು ಬೀಳದಿರಲೆಂದು ಹೊಲಿಗೆ ಕೋಣೆಯ ಕಿಟಕಿಗಳನ್ನೆಲ್ಲ ಮುಚ್ಚಿ, ಹಲಗೆಯನ್ನು ದೊಡ್ಡ ಮೇಜಿನ ಮೇಲಿಟ್ಟು ಹೊಡೆದೆ. ಅದೇ ಕೋಣೆಯಲ್ಲಿ, ಅದೇ ಬೆಳಿಗ್ಗೆ, ಹೋಟೆಲಿನವರ ಅರವತ್ತು ಅಂಗಿಗಳಿಗೆ ಆವಿ ಇಸ್ತ್ರಿ ಹಾಕಿದ್ದೆ. ಗೋಡೆ ಬೆವರುತ್ತಿತ್ತು. ನಾನು ಆಕಾಶ ನೋಡಿದ್ದೆ, ಗೋಡೆ ನೋಡಿರಲಿಲ್ಲ.

ಅರ್ಧ ಗಂಟೆಯಲ್ಲಿ ಬಿಳುಪು ಹಬ್ಬಿತು. ಮೊದಲು ಬೆಟ್ಟ, ಆಮೇಲೆ ಕುರಿಗಳು, ಆಮೇಲೆ ಮುಖಗಳು. ಯಾರೋ ಹಿಟ್ಟು ಜರಡಿ ಹಿಡಿದ ಹಾಗಿತ್ತು. ಒಣಗಿದರೆ ಹೋದೀತೆಂದು ಕಾದೆ, ಹೋಗಲಿಲ್ಲ. ಅಂಗಡಿಯವನಿಗೆ ಫೋನ್ ಮಾಡಿದರೆ ಇನ್ನೊಂದು ಪದರ ಹೊಡೆದರೆ ಕೆಲವು ಸಲ ತಿಳಿಯಾಗುವುದುಂಟು ಎಂದ. ಹೊಡೆದೆ, ಅದೇ ಕೋಣೆಯಲ್ಲೇ, ಪೆದ್ದಿಯ ಹಾಗೆ. ಅದು ಸುಣ್ಣದಂತೆ ಗಟ್ಟಿಯಾಗಿ ಕೂತಿತು.

ಮರುದಿನ ಪ್ಯಾಂಟು ಒಯ್ಯಲು ಬಂದ ಗಿರಾಕಿಯೊಬ್ಬ ಹಲಗೆ ನೋಡಿ, ಹಿಮ ಬಿದ್ದದ್ದನ್ನು ಎಷ್ಟು ಸಹಜವಾಗಿ ಮಾಡಿದ್ದಾರೆ ಎಂದು ಹೊಗಳಿದ. ಪ್ಯಾಂಟನ್ನು ಅವನ ಎದೆಗೆ ಒತ್ತಿ ಬಾಗಿಲು ಹಾಕಿಕೊಂಡೆ.

ಸಂಜೆ ಅಂಗಡಿಯವನೇ ಬಂದ. ಹತ್ತಿಯನ್ನು ಎಣ್ಣೆಯಲ್ಲಿ ಅದ್ದಿ ನಿಲ್ದಾಣದ ಸೂರನ್ನು ಉಜ್ಜಿದಾಗ ಸ್ವಲ್ಪ ಕೆಂಪು ಕಂಡಿತು. ನನಗೆ ಜೀವ ಬಂದಂತಾಯಿತು. ಆದರೆ ಒಬ್ಬ ಮುದುಕನ ಮುಖ ಮುಟ್ಟಿದ್ದೇ ತಡ ಕಣ್ಣು, ಮೂಗು ಎಲ್ಲ ಹತ್ತಿಗೆ ಬಂತು. ಅವನು ಹತ್ತಿ ಕೆಳಗಿಟ್ಟ. ಮೂಲೆಯ ಇಸ್ತ್ರಿಪೆಟ್ಟಿಗೆಯನ್ನು ನೋಡಿದ. ಬೈದಿದ್ದರೆ ಚೆನ್ನಾಗಿತ್ತು.

ಇದರಲ್ಲಿ ನಾನು ಯಾರೆಂದು ಅವಳು ಯಾವತ್ತಾದರೂ ಹೇಳಿದ್ದಳೇ ಎಂದು ಕೇಳಿದೆ.

"ಎಲ್ಲಿ ನಿಲ್ಲಿಸಿದಾಳೆ ಅಂತ ಹೇಳ್ಲಿಲ್ಲ ಆಂಟಿ," ಎಂದ. "ನಿಮ್ಮ ಮುಖ ಮಾತ್ರ ನಾಲ್ಕು ಸಲ ಅಳಿಸಿ ಬರೆದಿದ್ಲು. ಎಷ್ಟು ಸಲ ಬರೆದ್ರೂ ಸಿಟ್ಟಿನ ಮುಖಾನೇ ಬರುತ್ತೆ ಅಂತಿದ್ಲು. ಐದನೇ ಸಲಕ್ಕೆ ಅಮ್ಮ ನಕ್ಕಳು ಅಂತ ಹೇಳೋಕೆ ಅಂಗಡೀಗೆ ಓಡಿ ಬಂದಿದ್ಲು."

ಅವನು ಹೋದ ಮೇಲೆ ಭೂತಗನ್ನಡಿ ಹಿಡಿದು ಹಲಗೆಯ ಮುಂದೆ ಕೂತೆ. ನಗುತ್ತಿದ್ದ ಹೆಂಗಸರು ಇದ್ದರು, ಅದು ಗೊತ್ತು. ಮೂವರೋ, ನಾಲ್ವರೋ. ನಾನಾಗಿರಲು ಸಾಧ್ಯವೇ ಇಲ್ಲವೆಂದು ಅವರನ್ನೇ ಎಲ್ಲರಿಗಿಂತ ಮೊದಲು ದಾಟಿ ಹೋಗಿದ್ದೆ. ಎಲ್ಲಿ ನಿಂತಿದ್ದರು, ಯಾವ ಬಣ್ಣದ ಬಟ್ಟೆ ಉಟ್ಟಿದ್ದರು, ಒಂದೂ ನೆನಪಿಲ್ಲ.